ಎರರ್ ಪರಿಹಾರದ ಬರಹವನ್ನು ಬೇರೆ ಮಾತಲ್ಲಿ ಬರೆಯುವುದು: ಯಾವ ದಾರಿ ಯಾವಾಗ ಸರಿ?

ಸಾಫ್ಟ್‌ವೇರ್ ಎರರ್‌ಗೆ ಪರಿಹಾರ ಹೇಳುವ ಒಂದು ಬರಹ ನಿಮ್ಮ ಮುಂದಿದೆ. ಹಳೆಯ ಕೈಪಿಡಿಯ ಪುಟ ಇರಬಹುದು, ಸಪೋರ್ಟ್ ತಂಡದ ಟಿಪ್ಪಣಿ ಇರಬಹುದು, ಬೇರೆ ಯಾರೋ ಬರೆದ ಲೇಖನ ಇರಬಹುದು. ಅದನ್ನು ನಿಮ್ಮ ಓದುಗರಿಗಾಗಿ ಬೇರೆ ಮಾತಲ್ಲಿ ಬರೆಯಬೇಕು. ಥಟ್ಟನೆ ಹೊಳೆಯುವ ಉಪಾಯ ಒಂದೇ: ವಾಕ್ಯ ಹಾಗೇ ಇರಲಿ, ಪದ ಬದಲಾಯಿಸೋಣ. "ದೋಷ" ಇದ್ದಲ್ಲಿ "ತಪ್ಪು", "ಅಳಿಸಿ" ಇದ್ದಲ್ಲಿ "ತೆಗೆಯಿರಿ", "ಆಯ್ಕೆ ಮಾಡಿ" ಇದ್ದಲ್ಲಿ "ಆರಿಸಿ". ಬೇಗ ಮುಗಿಯುವ ಕೆಲಸ.

ಕಥೆಗೋ ಭಾಷಣಕ್ಕೋ ಇದು ನಡೆದೀತು. ಎರರ್ ಬರಹದ ವಿಷಯ ಬೇರೆ. ಅದನ್ನು ಓದುವವರು ಓದಿ ಸುಮ್ನೆ ಕೂರುವುದಿಲ್ಲ, ಬರೆದ ಹಾಗೇ ಮಾಡುತ್ತಾರೆ. ಅವರ ಕೆಲಸ ನಿಂತುಹೋಗಿದೆ, ತಲೆ ಬಿಸಿಯಾಗಿದೆ, ಕೈ ಆಗಲೇ ಕೀಬೋರ್ಡ್ ಮೇಲಿದೆ. ನಾವು ಹಾಕಿದ ಒಂದು ಪದದಿಂದ ಅವರ ಫೈಲ್ ಉಳಿಯಬಹುದು, ಹೋಗಲೂಬಹುದು. ಔಷಧಿ ಚೀಟಿಯನ್ನು ನಕಲು ಮಾಡುವವರು ಅಕ್ಷರವನ್ನು ಎಷ್ಟು ಬೇಕಾದರೂ ಅಂದ ಮಾಡಲಿ, ಮಾತ್ರೆಯ ಹೆಸರನ್ನು ಮಾತ್ರ ಬದಲಾಯಿಸುವಂತಿಲ್ಲ. ಇದೂ ಅಂಥದೇ ಕೆಲಸ.

ಇಂಥ ಬರಹವನ್ನು ಮತ್ತೆ ಬರೆಯಲು ಮುಖ್ಯವಾಗಿ ನಾಲ್ಕು ದಾರಿಗಳಿವೆ. ಪದಕ್ಕೆ ಪದ ಬದಲಾಯಿಸುವುದು. ಎಐ ಕೈಯಲ್ಲಿ ಬರೆಸುವುದು. ಎರರನ್ನು ಅರ್ಥ ಮಾಡಿಕೊಂಡು ಹೊಸದಾಗಿ ಬರೆಯುವುದು. ಮೂಲವನ್ನು ಹಾಗೇ ಉಲ್ಲೇಖಿಸಿ ನಮ್ಮ ವಿವರಣೆ ಸೇರಿಸುವುದು. ನನ್ನ ನಿಲುವನ್ನು ಈಗಲೇ ಹೇಳಿಬಿಡುತ್ತೇನೆ. ಸಮಾನಾರ್ಥಕ ಪದಗಳಿಗೆ ಎರರ್ ಬರಹದಲ್ಲಿ ಖಂಡಿತ ಜಾಗ ಇದೆ. ಆದರೆ ಆ ಜಾಗ ಇರುವುದು ತೊಂದರೆಯ ವಿವರಣೆಯಲ್ಲಿ. ಪರಿಹಾರದ ಹಂತಗಳಲ್ಲಿ ಅವು ಕಾಲಿಡಬಾರದು.

ಓದಲು ಸಲೀಸಾಗಲಿ ಎಂದು ಇಲ್ಲಿ ಎರರ್ ಸಂದೇಶಗಳನ್ನೂ ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನಿಮ್ಮ ಗೈಡ್‌ನಲ್ಲಿ ಅವು ಪರದೆಯ ಮೇಲೆ ಹೇಗೆ ಕಾಣುತ್ತವೋ ಹಾಗೇ, ಅದೇ ಲಿಪಿಯಲ್ಲಿ ಇರಬೇಕು.

ಮೊದಲು ಬೀಗ ಹಾಕಬೇಕಾದ ಪದಗಳು

ಯಾವ ದಾರಿ ಹಿಡಿದರೂ ಮೊದಲ ಕೆಲಸ ಒಂದೇ. ಬರಹದಲ್ಲಿ ಯಾವ ಪದ ಯಂತ್ರಕ್ಕೆ ಸೇರಿದ್ದು, ಯಾವುದು ಓದುಗರಿಗೆ ಸೇರಿದ್ದು ಎಂದು ವಿಂಗಡಿಸಿ. ಯಂತ್ರಕ್ಕೆ ಸೇರಿದ್ದಕ್ಕೆ ಬೀಗ ಹಾಕಿ. ಎರರ್ ಸಂದೇಶ, ಎರರ್ ಕೋಡ್, ಕಮಾಂಡ್, ಫೈಲ್ ಹೆಸರು, ಫೋಲ್ಡರ್ ಇರುವ ದಾರಿ, ಮೆನು ಮತ್ತು ಬಟನ್ ಹೆಸರು, ವರ್ಷನ್ ನಂಬರ್. ಇವು ಯಾವುದಕ್ಕೂ ಸಮಾನಾರ್ಥಕ ಪದ ಇಲ್ಲ.

ಎರರ್ ಬಂದವರು ಮೊದಲು ಏನು ಮಾಡುತ್ತಾರೆ? ಸಂದೇಶವನ್ನು ಕಾಪಿ ಮಾಡಿ ಸರ್ಚ್‌ನಲ್ಲಿ ಹಾಕುತ್ತಾರೆ, ಅಲ್ವಾ? "ಪರ್ಮಿಷನ್ ಡಿನೈಡ್" ಎಂದು ಹುಡುಕುವವರಿಗೆ "ಅನುಮತಿ ನಿರಾಕರಿಸಲಾಗಿದೆ" ಎಂದಷ್ಟೇ ಬರೆದ ಪುಟ ಸಿಗುವುದು ಕಷ್ಟ. ಸಂದೇಶ ಇದ್ದ ಹಾಗೇ ಇರಲಿ. ಅದರ ಅರ್ಥವನ್ನು ಪಕ್ಕದಲ್ಲಿ ಕನ್ನಡದಲ್ಲಿ ಹೇಳಿ.

ಹುಡುಕಾಟದ ಕಷ್ಟಕ್ಕಿಂತ ದೊಡ್ಡ ಕಷ್ಟ ಇನ್ನೊಂದಿದೆ. ಕೇಳಲು ಒಂದೇ ಥರ ಇರುವ ಎರರ್‌ಗಳ ಕಾರಣ ಬೇರೆ ಬೇರೆ ಆಗಿರುತ್ತದೆ. ವೆಬ್‌ನ 401 ಮತ್ತು 403 ನೋಡಿ. 401ರ ಹೆಸರು "ಅನ್‌ಅಥರೈಸ್ಡ್" ಎಂದಿದ್ದರೂ ಅದು ಹೇಳುವುದು "ನೀವು ಯಾರೆಂದು ಇನ್ನೂ ಖಚಿತವಾಗಿಲ್ಲ" ಎಂದು. ಸರಿಯಾಗಿ ಲಾಗಿನ್ ಆದರೆ ಅದು ಹೋಗಬಹುದು. 403 "ಫರ್ಬಿಡನ್" ಹೇಳುವುದು "ಕೇಳಿದ್ದು ಅರ್ಥವಾಗಿದೆ, ಆದರೆ ಕೊಡುವುದಿಲ್ಲ" ಎಂದು. ಎರಡನ್ನೂ "ಪ್ರವೇಶವಿಲ್ಲ" ಎಂದು ಬರೆದುಬಿಟ್ಟರೆ, 403 ಬಂದವರು ಅದೇ ಪಾಸ್‌ವರ್ಡನ್ನು ಮತ್ತೆ ಮತ್ತೆ ಹಾಕುತ್ತಾ ಕೂರುತ್ತಾರೆ. ಅವರಿಗೆ ಬೇಕಿರುವುದು ಹಕ್ಕು ಕೊಡಬಲ್ಲ ಅಡ್ಮಿನ್.

"ಕನೆಕ್ಷನ್ ರೆಫ್ಯೂಸ್ಡ್" ಮತ್ತು "ಕನೆಕ್ಷನ್ ಟೈಮ್ಡ್ ಔಟ್" ಇನ್ನೊಂದು ಜೋಡಿ. ಎರಡಕ್ಕೂ "ಸಂಪರ್ಕ ಸಾಧ್ಯವಾಗಲಿಲ್ಲ" ಎಂದು ಬರೆಯಲು ಕೈ ಹೋಗುತ್ತದೆ. ಮೊದಲನೆಯದರಲ್ಲಿ ಸಾಮಾನ್ಯವಾಗಿ ಆ ಕಡೆಯ ಕಂಪ್ಯೂಟರ್ ಉತ್ತರ ಕೊಟ್ಟಿರುತ್ತದೆ: ಈ ಪೋರ್ಟ್‌ನಲ್ಲಿ, ಅಂದರೆ ಸಂಪರ್ಕಕ್ಕೆಂದು ನಂಬರ್ ಕೊಟ್ಟ ಈ ಬಾಗಿಲಲ್ಲಿ, ಕೇಳಿಸಿಕೊಳ್ಳುವವರು ಯಾರೂ ಇಲ್ಲ ಎಂದು. ಹಾಗಾದರೆ ಅಲ್ಲಿನ ಸರ್ವಿಸ್ ನಡೆಯುತ್ತಿದೆಯೇ ಎಂದು ನೋಡಬೇಕು. ಎರಡನೆಯದರಲ್ಲಿ ಉತ್ತರವೇ ಬಂದಿಲ್ಲ. ಫೈರ್‌ವಾಲ್ ತಡೆದಿರಬಹುದು, ವಿಳಾಸ ತಪ್ಪಿರಬಹುದು, ನೆಟ್‌ವರ್ಕ್ ಹೋಗಿರಬಹುದು. ಈ ಎರಡು ಪದಗಳ ನಡುವಿನ ವ್ಯತ್ಯಾಸದಲ್ಲೇ ಅರ್ಧ ಪತ್ತೆ ಕೆಲಸ ಮುಗಿದಿರುತ್ತದೆ. ಸಮಾನಾರ್ಥಕ ಹಾಕಿದವರು ಆ ಅರ್ಧವನ್ನು ಒರೆಸಿಹಾಕಿದ ಹಾಗೆ.

ಕಾಗುಣಿತದ ತಪ್ಪು ಕಂಡರೂ ಬೀಗದೊಳಗೆ ಕೈ ಹಾಕಬೇಡಿ. ವೆಬ್ ಕೋರಿಕೆಯ ಜೊತೆ ಹೋಗುವ "ರೆಫರರ್" ಎಂಬ ಹೆಡರ್‌ನ ಇಂಗ್ಲಿಷ್ ಕಾಗುಣಿತದಲ್ಲಿ ಒಂದು "ಆರ್" ಅಕ್ಷರ ಕಡಿಮೆ ಇದೆ. 1996ರ ಎಚ್‌ಟಿಟಿಪಿ 1.0 ದಾಖಲೆಯಲ್ಲೇ ಅದು ಹಾಗೆ ಸೇರಿಕೊಂಡಿತು. ಇಂದಿಗೂ ಹಾಗೇ ಇದೆ. ಅದನ್ನು "ಸರಿ" ಮಾಡಿ ಬರೆದರೆ ಓದುಗರ ಕೋಡ್ ಕೆಲಸ ಮಾಡುವುದಿಲ್ಲ. ಕಮಾಂಡ್‌ಗಳಲ್ಲೂ ಅಷ್ಟೇ. ವರ್ಡ್ ಪ್ರೊಸೆಸರ್‌ಗಳು ನೇರ ಉದ್ಧರಣ ಚಿಹ್ನೆಯನ್ನು ತಾವಾಗಿಯೇ ಬಾಗಿದ ಚಿಹ್ನೆ ಮಾಡುತ್ತವೆ, ಎರಡು ಸಣ್ಣ ಗೆರೆಗಳನ್ನು ಸೇರಿಸಿ ಒಂದು ಉದ್ದ ಗೆರೆ ಮಾಡುತ್ತವೆ. ಕಣ್ಣಿಗೆ ಚಂದ, ಟರ್ಮಿನಲ್‌ಗೆ ಅರ್ಥವಾಗದು.

ಒಂದೇ ಅನಿಸುವ, ಒಂದಲ್ಲದ ಕ್ರಿಯೆಗಳು

ಸಂದೇಶ ಮತ್ತು ಕೋಡ್‌ಗೆ ಬೀಗ ಹಾಕುವುದು ಸುಲಭ, ಅವು ಕಣ್ಣಿಗೆ ಕಾಣುತ್ತವೆ. ಜಾಸ್ತಿ ಅಪಾಯ ಇರುವುದು ಸಾಮಾನ್ಯ ಕ್ರಿಯಾಪದಗಳಲ್ಲಿ.

"ರೀಸ್ಟಾರ್ಟ್ ಮಾಡಿ" ಎಂಬುದನ್ನು "ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿ" ಎಂದು ಬದಲಾಯಿಸಿದರೆ ಏನಾಗುತ್ತದೆ? ಏನೂ ಆಗದು ಅನಿಸುತ್ತದೆ. ಆದರೆ 2012ರ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟ್‌ಅಪ್ ಎಂಬ ಸೌಲಭ್ಯ ಬಂದಿದೆ. ಅದು ಆನ್ ಇದ್ದಾಗ ಶಟ್‌ಡೌನ್ ಮಾಡಿದರೆ ವಿಂಡೋಸ್ ತನ್ನ ಒಳತಿರುಳಾದ ಕರ್ನಲ್‌ನ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಉಳಿಸಿಕೊಂಡು, ಮುಂದಿನ ಸಲ ಅದನ್ನೇ ಮತ್ತೆ ಎತ್ತಿಕೊಳ್ಳುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ಡ್ರೈವರ್ ತೊಂದರೆಯಂಥ ಕಡೆ ಬೇಕಿರುವುದು ಅದೇ. ಪದ ಬದಲಾಯಿಸಿದ ಗೈಡ್ ಓದಿದವರು ಹೇಳಿದ್ದೆಲ್ಲ ಮಾಡಿರುತ್ತಾರೆ, ತೊಂದರೆ ಅಲ್ಲೇ ಇರುತ್ತದೆ.

ಆಂಡ್ರಾಯ್ಡ್‌ನಲ್ಲಿ "ಕ್ಲಿಯರ್ ಕ್ಯಾಶ್" ಮತ್ತು "ಕ್ಲಿಯರ್ ಡೇಟಾ" ಅಕ್ಕಪಕ್ಕ ಇರುತ್ತವೆ. ಕೆಲವು ಫೋನ್‌ಗಳಲ್ಲಿ ಎರಡನೆಯದಕ್ಕೆ "ಕ್ಲಿಯರ್ ಸ್ಟೋರೇಜ್" ಎಂದಿರುತ್ತದೆ. ಮೊದಲನೆಯದು ತಾತ್ಕಾಲಿಕ ಫೈಲ್‌ಗಳನ್ನಷ್ಟೇ ತೆಗೆದುಹಾಕುತ್ತದೆ. ಎರಡನೆಯದು ಲಾಗಿನ್, ಸೆಟ್ಟಿಂಗ್, ಆ್ಯಪ್ ಫೋನ್‌ನಲ್ಲೇ ಉಳಿಸಿಕೊಂಡ ಮಾಹಿತಿ ಎಲ್ಲವನ್ನೂ ಒರೆಸುತ್ತದೆ. "ಆ್ಯಪ್‌ನ ಸಂಗ್ರಹ ಖಾಲಿ ಮಾಡಿ" ಎಂದು ಬರೆದರೆ ಓದುಗರು ಯಾವ ಬಟನ್ ಒತ್ತಬೇಕು? ಲಿನಕ್ಸ್‌ನ ಬಗೆಗಳಾದ ಉಬುಂಟು, ಡೆಬಿಯನ್‌ಗಳಲ್ಲಿ "ಆಪ್ಟ್ ಅಪ್‌ಡೇಟ್" ಪ್ಯಾಕೇಜ್‌ಗಳ ಪಟ್ಟಿಯನ್ನು ಮಾತ್ರ ಹೊಸದು ಮಾಡುತ್ತದೆ. "ಆಪ್ಟ್ ಅಪ್‌ಗ್ರೇಡ್" ಪ್ಯಾಕೇಜ್‌ಗಳನ್ನೇ ಹೊಸ ವರ್ಷನ್‌ಗೆ ಏರಿಸುತ್ತದೆ. ಎರಡಕ್ಕೂ "ನವೀಕರಿಸಿ" ಎಂದರೆ ಮುಗಿಯಿತು.

ಕನ್ನಡದಲ್ಲಿ ಬರೆಯುವವರು ಇನ್ನೂ ಎರಡು ಪದಗಳ ಬಗ್ಗೆ ಎಚ್ಚರ ಇಟ್ಟುಕೊಳ್ಳಬೇಕು. ಒಂದು "ತೆಗೆ". ಬಾಗಿಲು ತೆಗೆ ಎಂದರೆ ತೆರೆ ಎಂದರ್ಥ. ಕಸ ತೆಗೆ ಎಂದರೆ ಅಲ್ಲಿಂದ ಇಲ್ಲವಾಗಿಸು ಎಂದರ್ಥ. ಹಾಗಾದರೆ "ಟೆಂಪ್ ಫೋಲ್ಡರ್ ತೆಗೆಯಿರಿ" ಎಂದರೆ ತೆರೆಯುವುದೇ, ಅಳಿಸುವುದೇ? ಇನ್ನೊಂದು "ಆರಿಸು". ಪಟ್ಟಿಯಿಂದ ಆರಿಸಬಹುದು, ದೀಪವನ್ನೂ ಆರಿಸಬಹುದು. "ವೈಫೈ ಆರಿಸಿ" ಎಂಬ ಹಂತವನ್ನು ಒಬ್ಬರು ವೈಫೈ ಆಯ್ಕೆ ಮಾಡುವುದೆಂದು ಓದುತ್ತಾರೆ, ಇನ್ನೊಬ್ಬರು ಆಫ್ ಮಾಡುತ್ತಾರೆ. ಇಬ್ಬರೂ ಸರಿಯಾಗಿಯೇ ಓದಿದ್ದಾರೆ. ಹಂತಗಳಲ್ಲಿ "ತೆರೆಯಿರಿ", "ಅಳಿಸಿ", "ಆಯ್ಕೆ ಮಾಡಿ", "ಆಫ್ ಮಾಡಿ" ಎಂದು ಒಂದೇ ಅರ್ಥ ಬರುವ ಪದಗಳನ್ನೇ ಬಳಸಿ. ಮಾತು ಸ್ವಲ್ಪ ಒಣಗಿದ ಹಾಗೆ ಕೇಳಿಸಿದರೂ ಪರವಾಗಿಲ್ಲ.

ಪದಕ್ಕೆ ಪದ ಬದಲಾಯಿಸುವ ದಾರಿ

ಈಗ ದಾರಿಗಳಿಗೆ ಬರೋಣ. ಈ ಒಂದು ಸಣ್ಣ ಬರಹ ತೆಗೆದುಕೊಳ್ಳಿ:

"ಸರ್ವರ್ ಶುರು ಮಾಡುವಾಗ 'ಅಡ್ರೆಸ್ ಆಲ್‌ರೆಡಿ ಇನ್ ಯೂಸ್' ಎಂದು ಬಂದರೆ, ಆ ಪೋರ್ಟನ್ನು ಬೇರೆ ಪ್ರೋಸೆಸ್ ಹಿಡಿದುಕೊಂಡಿದೆ. ಆ ಪ್ರೋಸೆಸನ್ನು ನಿಲ್ಲಿಸಿ ಸರ್ವರನ್ನು ಮತ್ತೆ ಶುರು ಮಾಡಿ."

ಪದಗಳನ್ನು ಬದಲಾಯಿಸಿದರೆ ಹೀಗಾಗುತ್ತದೆ:

"ಪರಿಚಾರಕವನ್ನು ಆರಂಭಿಸುವ ವೇಳೆ 'ವಿಳಾಸವು ಮೊದಲೇ ಉಪಯೋಗದಲ್ಲಿದೆ' ಎಂದು ಎದುರಾದರೆ, ಆ ಬಂದರನ್ನು ಅನ್ಯ ಪ್ರಕ್ರಿಯೆ ವಶಪಡಿಸಿಕೊಂಡಿದೆ. ಆ ಪ್ರಕ್ರಿಯೆಯನ್ನು ತಡೆಹಿಡಿದು ಪರಿಚಾರಕವನ್ನು ಪುನಃ ಆರಂಭಿಸಿ."

ಪೋರ್ಟ್ ಹಡಗು ನಿಲ್ಲುವ ಬಂದರಾಯಿತು. ಇದು ಎಲ್ಲರ ಕಣ್ಣಿಗೂ ಬೀಳುವ ತಪ್ಪು, ಹಾಗಾಗಿ ಅಷ್ಟು ಅಪಾಯದ್ದಲ್ಲ. ಎರರ್ ಸಂದೇಶದ ಮೂಲ ರೂಪ ಹೋಯಿತು, ಇದು ಅದಕ್ಕಿಂತ ಹೆಚ್ಚಿನ ನಷ್ಟ. ಎಲ್ಲಕ್ಕಿಂತ ಕೆಟ್ಟದ್ದು ಮೆತ್ತಗೆ ಕೂತಿರುವ "ತಡೆಹಿಡಿದು". ಪ್ರೋಸೆಸನ್ನು ನಿಲ್ಲಿಸುವುದು ಬೇರೆ, ತಡೆಹಿಡಿಯುವುದು ಬೇರೆ. ಲಿನಕ್ಸ್ ಟರ್ಮಿನಲ್‌ನಲ್ಲಿ ಕಂಟ್ರೋಲ್-ಝಡ್ ಒತ್ತಿ ತಡೆಹಿಡಿದ ಸರ್ವರ್ ಮುಗಿದಿರುವುದಿಲ್ಲ. ಅದು ಇದ್ದಲ್ಲೇ ಕಲ್ಲಿನಂತೆ ನಿಂತಿರುತ್ತದೆ, ಪೋರ್ಟ್ ಅದರ ಕೈಯಲ್ಲೇ ಉಳಿದಿರುತ್ತದೆ. ಓದುಗರು ಹೇಳಿದಂತೆ ಮಾಡಿಯೂ ಅದೇ ಎರರ್ ನೋಡುತ್ತಾರೆ.

ಕೈಯಲ್ಲಿ ಮಾಡಿದರೆ ಇಷ್ಟು. ಇದನ್ನು ಯಂತ್ರಗಳಿಂದ ಮಾಡಿಸಿದಾಗ ಏನಾಗುತ್ತದೆ ಎಂಬುದಕ್ಕೆ ವಿಜ್ಞಾನದ ಬರಹಗಳೇ ಸಾಕ್ಷಿ. 2021ರಲ್ಲಿ ಗಿಯೋಮ್ ಕಬನಾಕ್, ಸಿರಿಲ್ ಲಬ್ಬೆ ಮತ್ತು ಅಲೆಕ್ಸಾಂಡರ್ ಮಗಝಿನೊವ್ ಎಂಬ ಸಂಶೋಧಕರು ಪ್ರಕಟಿತ ಪ್ರಬಂಧಗಳಲ್ಲಿ ವಿಚಿತ್ರ ಪದಗುಚ್ಛಗಳನ್ನು ಗುರುತಿಸಿದರು. "ಆರ್ಟಿಫಿಷಿಯಲ್ ಇಂಟೆಲಿಜೆನ್ಸ್" ಇರಬೇಕಾದ ಕಡೆ "ಕೌಂಟರ್‌ಫೀಟ್ ಕಾನ್ಷಸ್‌ನೆಸ್", ಅಂದರೆ ಖೋಟಾ ಪ್ರಜ್ಞೆ. "ಬಿಗ್ ಡೇಟಾ" ಇರಬೇಕಾದ ಕಡೆ "ಕೊಲೋಸಲ್ ಇನ್ಫರ್ಮೇಷನ್". ನಕಲು ಪತ್ತೆಯಾಗದಿರಲಿ ಎಂದು ಪ್ಯಾರಾಫ್ರೇಸ್ ಟೂಲ್‌ಗಳಿಗೆ ಕೊಟ್ಟದ್ದರ ಗುರುತು ಅದು. ಅವರು ಅದಕ್ಕಿಟ್ಟ ಹೆಸರು "ಟಾರ್ಚರ್ಡ್ ಫ್ರೇಸಸ್", ಹಿಂಸೆಗೊಳಗಾದ ಪದಗುಚ್ಛಗಳು. ಯಾವ ಪದಗಳು ಮರೆಮಾಚಲೆಂದು ಬಂದವೋ ಅವೇ ಪದಗಳು ನಕಲನ್ನು ಹಿಡಿದುಕೊಟ್ಟವು.

ಸರ್ಚ್‌ನಲ್ಲಿ ಮೇಲೆ ಬರಲಿ ಎಂದು ಹೀಗೆ ಮಾಡುವವರಿಗೂ ಲಾಭವಿಲ್ಲ. ಬೇರೆಯವರ ಬರಹವನ್ನು ಸಮಾನಾರ್ಥಕ ಪದ ಹಾಕಿ ಅಲ್ಪಸ್ವಲ್ಪ ಬದಲಿಸಿ ಹಾಕುವುದನ್ನು ಗೂಗಲ್‌ನ ಸ್ಪ್ಯಾಮ್ ನೀತಿ ಹೆಸರಿಸಿಯೇ ತಪ್ಪು ಎನ್ನುತ್ತದೆ. 2024ರ ಮಾರ್ಚ್‌ನಲ್ಲಿ ಪ್ರಕಟಿಸಿದ ನೀತಿಯಲ್ಲಿ, ಓದುಗರಿಗೆ ಉಪಯೋಗವಿಲ್ಲದ ಪುಟಗಳನ್ನು ರಾಶಿ ರಾಶಿಯಾಗಿ ತಯಾರಿಸುವುದನ್ನೂ ಅದು ಸೇರಿಸಿದೆ.

ಹಾಗಾದರೆ ಈ ದಾರಿ ಎಂದಿಗೂ ಬೇಡವೇ? ಒಂದು ಕಡೆ ಬೇಕು, ಉಲ್ಟಾ ದಿಕ್ಕಿನಲ್ಲಿ. ಒಂದು ಗೈಡ್‌ನಲ್ಲಿ "ಶುರು ಮಾಡಿ", "ಆರಂಭಿಸಿ", "ಚಾಲನೆ ಕೊಡಿ", "ರನ್ ಮಾಡಿ" ಎಲ್ಲವೂ ಇದ್ದರೆ, ನಾಲ್ಕನ್ನೂ ಅಳಿಸಿ ಒಂದೇ ಪದಕ್ಕೆ ತನ್ನಿ. ವಿಮಾನಗಳ ನಿರ್ವಹಣೆಯ ಕೈಪಿಡಿ ಬರೆಯುವವರು ಇದನ್ನು 1980ರ ದಶಕದಿಂದಲೂ ಮಾಡುತ್ತಾ ಬಂದಿದ್ದಾರೆ. ಈಗ ಎಎಸ್‌ಡಿ-ಎಸ್‌ಟಿಇ100 ಎನ್ನುವ ಅವರ ಸರಳ ಇಂಗ್ಲಿಷ್ ನಿಯಮಾವಳಿಯಲ್ಲಿ ಒಂದು ಪದಕ್ಕೆ ಒಂದೇ ಅರ್ಥ, ಒಂದು ಅರ್ಥಕ್ಕೆ ಒಂದೇ ಪದ. "ಸ್ಟಾರ್ಟ್" ಎನ್ನಬಹುದು, "ಬಿಗಿನ್", "ಕಮೆನ್ಸ್", "ಇನಿಷಿಯೇಟ್" ಎನ್ನುವಂತಿಲ್ಲ. ರಿಪೇರಿ ಮಾಡುವವರ ಕೈಯಲ್ಲಿ ಗೊಂದಲ ಇರಬಾರದು ಎಂಬ ಕಾಳಜಿ ಅದು. ನಮ್ಮ ಓದುಗರೂ ರಿಪೇರಿಯೇ ಮಾಡುತ್ತಿದ್ದಾರೆ.

ಎಐ ಕೈಯಲ್ಲಿ ಬರೆಸುವ ದಾರಿ

ಭಾಷಾ ಮಾಡೆಲ್‌ಗಳು ಹಳೆಯ ಟೂಲ್‌ಗಳ ಹಾಗೆ ಪೋರ್ಟನ್ನು ಬಂದರು ಮಾಡುವುದು ಕಡಿಮೆ. ಸಂದರ್ಭ ನೋಡಿ ಪದ ಹಾಕುತ್ತವೆ, ಉದ್ದ ವಾಕ್ಯ ಒಡೆಯುತ್ತವೆ, ಬಿಗಿಯಾದ ಭಾಷೆಯನ್ನು ಸಡಿಲಿಸುತ್ತವೆ. ಇಪ್ಪತ್ತು ಪುಟದ ಹಳೆಯ ಟಿಪ್ಪಣಿಯನ್ನು ಓದುವಂತೆ ಮಾಡಬೇಕಾದಾಗ ನಿಜವಾಗಿ ಉಪಯೋಗಕ್ಕೆ ಬರುತ್ತವೆ.

ಆದರೆ ಅವುಗಳ ತಪ್ಪು ಬೇರೆ ಜಾತಿಯದು, ಹುಡುಕುವುದು ಕಷ್ಟ. ಬರಹ ನಯವಾಗಿರುವುದರಿಂದ ಕಣ್ಣು ಜಾರಿಬಿಡುತ್ತದೆ. ಹುಡುಕಬೇಕಾದ ಜಾಗಗಳು ಇವು. ಮೊದಲನೆಯದು, ಷರತ್ತು ಬಿದ್ದುಹೋಗಿರುವುದು. "ಮೇಲಿನ ಹಂತ ಕೆಲಸ ಮಾಡದಿದ್ದರೆ ಮಾತ್ರ ಈ ಫೈಲ್ ಅಳಿಸಿ" ಎಂಬುದು "ನಂತರ ಈ ಫೈಲ್ ಅಳಿಸಿ" ಎಂದಾಗಿರಬಹುದು. ವಾಕ್ಯ ಚೊಕ್ಕವಾಯಿತು, ಓದುಗರ ಫೈಲ್ ಹೋಯಿತು. ಎರಡನೆಯದು, "ಬಹುಶಃ" ಇದ್ದದ್ದು "ಖಂಡಿತ" ಆಗಿರುವುದು. ಮೂರನೆಯದು, ಮೂಲದಲ್ಲಿ ಇಲ್ಲದ ಹಂತ ಬಂದು ಕೂತಿರುವುದು. ಇಲ್ಲದ ಮೆನು, ಇಲ್ಲದ ಕಮಾಂಡ್ ಆಯ್ಕೆ, ನೋಡಲು ನಿಜದಂತೆಯೇ ಇರುತ್ತವೆ. ನಾಲ್ಕನೆಯದು, ಹಂತಗಳ ಕ್ರಮ. ಬ್ಯಾಕಪ್ ತೆಗೆದುಕೊಳ್ಳಿ ಎಂಬ ಮಾತು "ಸಲಹೆಗಳು" ಎಂಬ ತಲೆಬರಹದ ಕೆಳಗೆ, ಕೊನೆಗೆ ಹೋಗಿ ಸೇರಿಕೊಂಡರೆ ಅದನ್ನು ಓದುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ.

ಈ ದಾರಿ ಹಿಡಿಯುವುದಾದರೆ ಬೀಗದ ಪದಗಳನ್ನು ಕೊಡುವ ಮೊದಲೇ ಎತ್ತಿಟ್ಟುಬಿಡಿ. ಎರರ್ ಸಂದೇಶದ ಜಾಗದಲ್ಲಿ "ಬೀಗ 1", ಕಮಾಂಡ್ ಜಾಗದಲ್ಲಿ "ಬೀಗ 2" ಎಂದು ಬರೆದು, ಅವನ್ನು ಮುಟ್ಟಬೇಡ ಎಂದು ಹೇಳಿ. ವಾಪಸ್ ಬಂದ ಮೇಲೆ ಮೂಲದ ಪದಗಳನ್ನು ನೀವೇ ಹಾಕಿ. ಆಮೇಲೆ ಎರಡೂ ಬರಹಗಳನ್ನು ಅಕ್ಕಪಕ್ಕ ಇಟ್ಟು ಮೂರನ್ನು ಮಾತ್ರ ಎಣಿಸಿ: ಅಂಕಿಗಳು, "ಇಲ್ಲ-ಬೇಡ-ಬಾರದು" ಎಂಬ ನಿಷೇಧದ ಪದಗಳು, "ಆದರೆ-ಇದ್ದರೆ-ಮಾತ್ರ" ಎಂಬ ಷರತ್ತಿನ ಪದಗಳು. ಎಣಿಕೆ ತಾಳೆಯಾಗದಿದ್ದರೆ ಅಲ್ಲೇನೋ ಬದಲಾಗಿದೆ.

ಇನ್ನೊಂದು ಎಚ್ಚರಿಕೆ. ಎರರ್ ಲಾಗ್‌ಗಳಲ್ಲಿ ಬಳಕೆದಾರರ ಹೆಸರು, ಐಪಿ ವಿಳಾಸ, ಪಾಸ್‌ವರ್ಡ್, ಟೋಕನ್, ಎಪಿಐ ಕೀ ಎಲ್ಲ ಸೇರಿರಬಹುದು. ಯಾವುದೇ ಆನ್‌ಲೈನ್ ಟೂಲ್‌ಗೆ ಹಾಕುವ ಮುಂಚೆ ಅವನ್ನು ತೆಗೆದುಹಾಕಿ. ಕೆಲಸ ಮಾಡುವ ಕೀ ಒಂದು ಹೊರಗೆ ಹೋಗಿದ್ದರೆ ಅದನ್ನು ಬದಲಾಯಿಸಲೇಬೇಕು.

ಮಾಡಿ ನೋಡಿ, ಹೊಸದಾಗಿ ಬರೆಯುವ ದಾರಿ

ನನಗೆ ಅತ್ಯಂತ ಇಷ್ಟವಾದ ದಾರಿ ಇದು, ಸಮಯ ಜಾಸ್ತಿ ಕೇಳುವುದೂ ಇದೇ. ಎರರನ್ನು ಬೇಕೆಂದೇ ಬರಿಸಿ. ಪರಿಹಾರದ ಒಂದೊಂದೇ ಹಂತ ಮಾಡಿ. ಮೂಲ ಬರಹವನ್ನು ಮುಚ್ಚಿಟ್ಟು, ಕಂಡದ್ದನ್ನು ಬರೆಯಿರಿ. ಮೇಲಿನ ಪೋರ್ಟ್ ಉದಾಹರಣೆ ಆಗ ಹೀಗಾಗಬಹುದು:

"ಸರ್ವರ್ ಶುರುವಾಗದೆ 'ಅಡ್ರೆಸ್ ಆಲ್‌ರೆಡಿ ಇನ್ ಯೂಸ್' ಎಂದು ಬರುತ್ತಿದೆಯೇ? ಸರ್ವರ್‌ಗೆ ಬೇಕಾದ ಪೋರ್ಟ್‌ನಲ್ಲಿ ಆಗಲೇ ಇನ್ನೊಂದು ಪ್ರೋಗ್ರಾಂ ಕೂತಿದೆ. ಎಷ್ಟೋ ಸಲ ಅದು ನೀವೇ ಹಿಂದೆ ಶುರು ಮಾಡಿ ಮುಗಿಸದೆ ಬಿಟ್ಟ ಅದೇ ಸರ್ವರ್. ವಿಂಡೋಸ್‌ನಲ್ಲಿ ನೆಟ್‌ಸ್ಟ್ಯಾಟ್, ಲಿನಕ್ಸ್‌ನಲ್ಲಿ ಎಸ್‌ಎಸ್ ಕಮಾಂಡ್ ಬಳಸಿ ಆ ಪೋರ್ಟ್ ಹಿಡಿದ ಪ್ರೋಸೆಸ್ ಯಾವುದೆಂದು ನೋಡಿ. ಅದು ಏನೆಂದು ಖಚಿತವಾದ ಮೇಲೆಯೇ ಅದನ್ನು ಪೂರ್ತಿ ಮುಗಿಸಿ. ಕಂಟ್ರೋಲ್-ಝಡ್ ಸಾಲದು, ಅದು ಪ್ರೋಸೆಸನ್ನು ತಡೆಹಿಡಿಯುತ್ತದೆ ಅಷ್ಟೇ. ಆ ಪ್ರೋಗ್ರಾಂ ಬೇಕೇ ಬೇಕು ಎಂದಾದರೆ ನಿಮ್ಮ ಸರ್ವರ್‌ನ ಪೋರ್ಟ್ ನಂಬರ್ ಬದಲಾಯಿಸಿ."

ಉದ್ದವಾಯಿತು, ನಿಜ. ಆದರೆ ಮೂಲದಲ್ಲಿ ಇಲ್ಲದ ಮೂರು ವಿಷಯ ಇದರಲ್ಲಿವೆ: ಪ್ರೋಸೆಸನ್ನು ಹುಡುಕುವುದು ಹೇಗೆ, ಯಾವಾಗ ಮುಗಿಸಬಾರದು, ಇನ್ನೊಂದು ದಾರಿ ಯಾವುದು. ಮಾಡಿ ನೋಡಿದವರಿಗೆ ಮಾತ್ರ ಸಿಗುವ, ಇದಕ್ಕೆ ಸೇರಿಸಬಹುದಾದ ನಾಲ್ಕನೆಯದೂ ಇದೆ. ಸರ್ವರನ್ನು ಆಗಷ್ಟೇ ನಿಲ್ಲಿಸಿ ತಕ್ಷಣ ಶುರು ಮಾಡಿದರೆ, ಪೋರ್ಟ್ ಹಿಡಿದ ಪ್ರೋಸೆಸ್ ಒಂದೂ ಕಾಣದಿದ್ದರೂ ಕೆಲವೊಮ್ಮೆ ಇದೇ ಎರರ್ ಬರುತ್ತದೆ. ಹಳೆಯ ಸಂಪರ್ಕಗಳು "ಟೈಮ್ ವೇಟ್" ಸ್ಥಿತಿಯಲ್ಲಿ ಸ್ವಲ್ಪ ಹೊತ್ತು ಉಳಿದಿರುವುದೇ ಕಾರಣ. ಒಂದೆರಡು ನಿಮಿಷ ಕಾದರೆ ಹೋಗುತ್ತದೆ. ಮೂಲದ ಪದಗಳನ್ನು ಎಷ್ಟು ತಿರುಗಿಸಿದರೂ ಈ ಮಾತು ಹೊರಬರುತ್ತಿರಲಿಲ್ಲ.

ಎರರ್ ಸಂದೇಶವನ್ನು ಚೆನ್ನಾಗಿ ಮರುಬರೆಯುವುದೆಂದರೆ ಏನು ಎಂದು ತಿಳಿಯಲು ಪೈಥಾನ್ ಭಾಷೆಯನ್ನು ನೋಡಿ. ಆವರಣ ಚಿಹ್ನೆ ತೆರೆದು ಮುಚ್ಚುವುದನ್ನು ಮರೆತರೆ ಹಿಂದೆಲ್ಲ "ಇನ್‌ವ್ಯಾಲಿಡ್ ಸಿಂಟ್ಯಾಕ್ಸ್" ಎಂದು, ಅದೂ ಎಷ್ಟೋ ಸಲ ತಪ್ಪಿಲ್ಲದ ಮುಂದಿನ ಸಾಲನ್ನು ತೋರಿಸುತ್ತಿತ್ತು. 2021ರ ಅಕ್ಟೋಬರ್‌ನಲ್ಲಿ ಬಂದ 3.10 ವರ್ಷನ್‌ನಿಂದ ಅದು ತೆರೆದ ಆವರಣವನ್ನೇ ತೋರಿಸಿ "ವಾಸ್ ನೆವರ್ ಕ್ಲೋಸ್ಡ್", ಇದನ್ನು ಮುಚ್ಚಿಯೇ ಇಲ್ಲ, ಎನ್ನುತ್ತದೆ. ಅವರು "ಇನ್‌ವ್ಯಾಲಿಡ್" ಬದಲು "ಇನ್‌ಕರೆಕ್ಟ್" ಹಾಕಿ ಸುಮ್ಮನಾಗಲಿಲ್ಲ. ತಪ್ಪು ಎಲ್ಲಾಗಿದೆ ಎಂದು ಹುಡುಕಿ ಅದನ್ನೇ ಹೇಳಿದರು.

ಹಾಗೇ ಉಲ್ಲೇಖಿಸುವ ದಾರಿ

ಮೂಲ ಬರಹ ಚೆನ್ನಾಗಿದ್ದರೆ ಅದನ್ನು ಕೆಡಿಸುವ ಅಗತ್ಯವೇ ಇಲ್ಲ. ಬೇಕಾದಷ್ಟನ್ನು ಉಲ್ಲೇಖಿಸಿ, ಬರೆದವರ ಹೆಸರು ಹಾಕಿ, ಲಿಂಕ್ ಕೊಡಿ. ನಿಮ್ಮ ಓದುಗರಿಗೆ ಬೇಕಾದ ಒಂದೆರಡು ಮಾತು ಕೆಳಗೆ ಸೇರಿಸಿ. ಮೂಲ ಬರಹ ಆಗಾಗ ಬದಲಾಗುತ್ತಿದ್ದರೆ ಲಿಂಕ್ ಇನ್ನೂ ಒಳ್ಳೆಯದು. ನಿಮ್ಮ ನಕಲು ಹಳೆಯದಾಗುತ್ತದೆ, ಅದು ಆಗುವುದಿಲ್ಲ.

ಹಕ್ಕಿನ ಪ್ರಶ್ನೆಯಲ್ಲಿ ಒಂದು ತಪ್ಪು ಕಲ್ಪನೆ ಇದೆ: ಪದ ಬದಲಾಯಿಸಿದರೆ ಬರಹ ನಮ್ಮದಾಗುತ್ತದೆ ಎಂದು. ಕೃತಿಸ್ವಾಮ್ಯ ಕಾಯುವುದು ಅಭಿವ್ಯಕ್ತಿಯನ್ನು, ವಿಚಾರ ಅಥವಾ ವಿಧಾನವನ್ನಲ್ಲ. ಬೌದ್ಧಿಕ ಆಸ್ತಿಯ ಬಗ್ಗೆ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದದ 9ನೇ ವಿಧಿ ಇದನ್ನೇ ಹೇಳುತ್ತದೆ. ಹಾಗಾಗಿ ಎರರ್ ಸರಿಪಡಿಸುವ ವಿಧಾನವನ್ನು ಯಾರು ಬೇಕಾದರೂ ತಮ್ಮ ಮಾತಲ್ಲಿ ಹೇಳಬಹುದು. ಆದರೆ ವಾಕ್ಯದ ಹಿಂದೆ ವಾಕ್ಯ ಅದೇ ಜಾಡಿನಲ್ಲಿ ಹೋಗಿ ಪದ ಮಾತ್ರ ಬದಲಿಸಿದರೆ, ಅದನ್ನು ಮೂಲದ ನಕಲು ಎಂದೇ ನೋಡುವ ಸಾಧ್ಯತೆ ಇದೆ. ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ (ಷರತ್ತಿನ ಮೇಲೆ ಮರುಬಳಕೆಗೆ ಬಿಡುವ ಅನುಮತಿ) ಇರುವ ಬರಹದಲ್ಲಿ ದಾರಿ ಸ್ಪಷ್ಟ. "ಬೈ" ಎಂದಿದ್ದರೆ ಹೆಸರು ಹಾಕಿ, ಬದಲಾಯಿಸಿದ್ದೇನೆ ಎಂದೂ ತಿಳಿಸಬೇಕು. ಜೊತೆಗೆ "ಎಸ್‌ಎ" ಇದ್ದರೆ ನಿಮ್ಮ ಬದಲಾದ ಬರಹವನ್ನೂ ಅದೇ ಲೈಸೆನ್ಸ್‌ನಲ್ಲಿ ಕೊಡಬೇಕು. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದ ಉತ್ತರಗಳು ಈ ಬಗೆಯವು. "ಎನ್‌ಡಿ" ಇದ್ದರೆ ಬದಲಾಯಿಸಿದ್ದನ್ನು ಹಂಚುವಂತಿಲ್ಲ, ಉಲ್ಲೇಖ ಮತ್ತು ಲಿಂಕ್ ದಾರಿಯೇ ಸರಿ.

ಸಮಾನಾರ್ಥಕ ಪದಗಳ ನಿಜವಾದ ಜಾಗ

ಎಲ್ಲರೂ ಎರರ್ ಸಂದೇಶವನ್ನು ಕಾಪಿ ಮಾಡಿ ಹುಡುಕುವುದಿಲ್ಲ. ಎಷ್ಟೋ ತೊಂದರೆಗಳಿಗೆ ಸಂದೇಶವೇ ಇರುವುದಿಲ್ಲ. ಪರದೆ ಸುಮ್ನೆ ನಿಂತುಬಿಡುತ್ತದೆ. ಅದನ್ನು ಒಬ್ಬರು "ಹ್ಯಾಂಗ್ ಆಗಿದೆ" ಎನ್ನುತ್ತಾರೆ, ಇನ್ನೊಬ್ಬರು "ಸ್ಟಕ್ ಆಗಿದೆ", ಮತ್ತೊಬ್ಬರು "ಫ್ರೀಜ್ ಆಗಿದೆ", "ಅಲ್ಲಾಡ್ತಾ ಇಲ್ಲ", "ಏನು ಒತ್ತಿದರೂ ತಗೊಳ್ತಾ ಇಲ್ಲ" ಎನ್ನುತ್ತಾರೆ. ಇಷ್ಟೂ ಒಂದೇ ತೊಂದರೆ. ಈ ಪದಗಳೆಲ್ಲ ನಿಮ್ಮ ಪುಟದ ಮೇಲ್ಭಾಗದಲ್ಲಿ, ತೊಂದರೆಯ ವಿವರಣೆಯಲ್ಲಿ ಸಹಜವಾಗಿ ಬರಲಿ. ಯಾವ ಮಾತಲ್ಲಿ ಹುಡುಕಿದರೂ ಓದುಗರು ನಿಮ್ಮ ಪುಟಕ್ಕೆ ಬರಲಿ, ಬಂದವರಿಗೆ "ಹೌದು, ನನ್ನದೂ ಇದೇ" ಅನಿಸಲಿ.

ಇಲ್ಲಿಯೂ ಒಂದು ಗಡಿ ಇದೆ. "ಹ್ಯಾಂಗ್" ಜೊತೆ "ಕ್ರ್ಯಾಶ್" ಸೇರಿಸಬೇಡಿ. ಹ್ಯಾಂಗ್ ಆದ ಪ್ರೋಗ್ರಾಂ ಇನ್ನೂ ಇದೆ, ಉತ್ತರ ಕೊಡುತ್ತಿಲ್ಲ. ಕ್ರ್ಯಾಶ್ ಆದದ್ದು ಮುಚ್ಚಿಹೋಗಿದೆ. ಎರಡಕ್ಕೂ ಪರಿಹಾರ ಬೇರೆ. ಲಕ್ಷಣ ಒಂದೇ ಆಗಿದ್ದರೆ ಪದಗಳು ಎಷ್ಟಾದರೂ ಇರಲಿ.

ಹಾಗಾದರೆ ಯಾವುದನ್ನು ಹಿಡಿಯುವುದು?

ನಿಮ್ಮದೇ ತಂಡದ ಹಳೆಯ ಗೈಡನ್ನು ಸುಲಭ ಮಾಡಬೇಕೆಂದರೆ, ಮೊದಲು ಪದಗಳನ್ನು ಒಂದೊಂದಕ್ಕೆ ಇಳಿಸಿ ಒಂದು ಸಣ್ಣ ಪದಪಟ್ಟಿ ಮಾಡಿಕೊಳ್ಳಿ. ಆಮೇಲೆ ಬೇಕಾದರೆ ಬೀಗ ಹಾಕಿ ಎಐಗೆ ಕೊಡಿ. ಪುಟಗಳು ನೂರಾರು ಇದ್ದರೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ.

ಬೇರೆಯವರ ಬರಹದಿಂದ ಕಲಿತದ್ದನ್ನು ಹಂಚಬೇಕೆಂದರೆ, ಎರರನ್ನು ನೀವೇ ಬರಿಸಿ ನೋಡಲು ಆಗುತ್ತದೆಯೇ ಎಂದು ಕೇಳಿಕೊಳ್ಳಿ. ಆಗುತ್ತದೆ ಎಂದಾದರೆ ಹೊಸದಾಗಿ ಬರೆಯಿರಿ. ಆಗದಿದ್ದರೆ ಉಲ್ಲೇಖಿಸಿ ಲಿಂಕ್ ಕೊಡಿ. ನೋಡದ ಎರರ್‌ಗೆ ಬೇರೆಯವರ ಹಂತಗಳನ್ನು ಪದ ಬದಲಿಸಿ ಕೊಡುವುದು ಮಾತ್ರ ಬೇಡ.

ಡೇಟಾ ಅಳಿಸುವ, ಡಿಸ್ಕ್ ಮುಟ್ಟುವ, ರಿಜಿಸ್ಟ್ರಿ ಬದಲಿಸುವ ಹಂತಗಳಿದ್ದರೆ ಯಾವ ಪರಿಸ್ಥಿತಿಯಲ್ಲೂ ಮಾಡಿ ನೋಡದೆ ಒಂದು ಪದವನ್ನೂ ಕದಲಿಸಬೇಡಿ. ಇದೊಂದರಲ್ಲಿ ನಾನು ಹಟಮಾರಿ. ಹೋದ ಫೈಲ್ ವಾಪಸ್ ಬರುವುದಿಲ್ಲ.

ಪ್ರಕಟಿಸುವ ಮುಂಚೆ, ಬರಹದಿಂದ ಹಂತಗಳನ್ನು ಮಾತ್ರ ಬೇರೆ ಮಾಡಿ, ಈ ಎರರ್ ಗೊತ್ತಿಲ್ಲದ ಒಬ್ಬರಿಗೆ ಕೊಡಿ. ಟೆಸ್ಟ್ ಮಾಡಲೆಂದೇ ಇರುವ ಕಂಪ್ಯೂಟರ್‌ನಲ್ಲಿ ಅವರು ಅದನ್ನು ಮಾಡಲಿ. ಪಕ್ಕದಲ್ಲಿ ಕೂತು ನೋಡಿ, ಬಾಯಿ ಬಿಡಬೇಡಿ. ಅವರ ಕೈ ತಡೆದು ನಿಂತ ಪ್ರತಿ ಜಾಗವನ್ನೂ ಗುರುತು ಮಾಡಿ ಅಲ್ಲಿನ ಪದವನ್ನು ಸರಿಪಡಿಸಿ. ಕೊನೆಗೆ ಪುಟದ ಮೇಲೆ ಯಾವ ಆಪರೇಟಿಂಗ್ ಸಿಸ್ಟಂ, ಯಾವ ವರ್ಷನ್‌ನಲ್ಲಿ, ಯಾವ ದಿನ ಮಾಡಿ ನೋಡಿದ್ದು ಎಂದು ಬರೆಯಿರಿ. ಮುಂದಿನ ವರ್ಷನ್‌ನಲ್ಲಿ ಮೆನು ಬೇರೆ ಜಾಗಕ್ಕೆ ಹೋದಾಗ ಓದುಗರಿಗೆ ಕಾರಣ ತಿಳಿದಿರುತ್ತದೆ.